ಸಗಟು ಇಂಪೋರ್ಟ್ ಆದ ನಕ್ಷೆಯ ರಿಪೇರಿ: ನನ್ನ ಅನುಭವ

ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಾನು ಬಹುಕಾಲದಿಂದ ಮಾಡಿಕೊಂಡು ಬಂದಿರುವುದು ರಿಪೇರಿ ಕೆಲಸ. ಯಾರೋ ಎಂದೋ ಒಂದು ಸರ್ಕಾರಿ ಕಡತದಿಂದ ಲಕ್ಷಗಟ್ಟಲೆ ರಸ್ತೆ, ಹಳ್ಳ, ಕಟ್ಟಡಗಳನ್ನು ಒಂದೇ ಏಟಿಗೆ ತಂದು ಸುರಿದಿರುತ್ತಾರೆ. ಸುರಿದವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ನಕ್ಷೆ ದೂರದಿಂದ ನೋಡಿದರೆ ತುಂಬಿದಂತೆ ಕಾಣುತ್ತದೆ, ಹತ್ತಿರ ಹೋದರೆ ಗೋಜಲು. ಅಂಥ ಜಾಗಗಳಲ್ಲಿ ಒಂದೊಂದೇ ಗೆರೆಯನ್ನು ಉಪಗ್ರಹ ಚಿತ್ರದ ಜೊತೆ, ಜಿಪಿಎಸ್ ಜಾಡುಗಳ ಜೊತೆ ಹೋಲಿಸಿ ಸರಿಪಡಿಸುತ್ತೇನೆ. ಹೀಗೆ ಸಗಟಾಗಿ ಸುರಿಯುವ ಇಂಪೋರ್ಟ್ ಬೇಕೋ ಬೇಡವೋ ಎಂಬ ಚರ್ಚೆ ನಕ್ಷೆ ಬರೆಯುವ ಮ್ಯಾಪರ್‌ಗಳ ನಡುವೆ ಆಗಾಗ ಏಳುತ್ತಲೇ ಇರುತ್ತದೆ. ನನ್ನ ನಿಲುವು ಈ ಕೆಲಸ ಮಾಡುತ್ತಾ ಮಾಡುತ್ತಾ ಗಟ್ಟಿಯಾದದ್ದು: ತಪ್ಪಿರುವ ಡೇಟಾಕ್ಕಿಂತ ಹೆಚ್ಚು ಕಾಡುವುದು ನೋಡಿಕೊಳ್ಳುವವರಿಲ್ಲದ ಡೇಟಾ.

ಕೈ ಪಳಗಿದ್ದು ಅಮೆರಿಕದ ಟೈಗರ್ ರಸ್ತೆಗಳ ಮೇಲೆ. ಟೈಗರ್ ಅಂದರೆ ಅಲ್ಲಿನ ಜನಗಣತಿ ಬ್ಯೂರೋದ ರಸ್ತೆ ಮತ್ತು ಗಡಿಗಳ ಕಡತ. ಅಮೆರಿಕದ ಕೇಂದ್ರ ಸರ್ಕಾರ ಸಿದ್ಧಪಡಿಸಿದ್ದಕ್ಕೆ ಅಲ್ಲಿ ಹಕ್ಕುಸ್ವಾಮ್ಯ ಇಲ್ಲದ ಕಾರಣ ಯಾರು ಬೇಕಾದರೂ ಬಳಸಬಹುದು. ಆ ದೇಶದ ನಕ್ಷೆ ಆಗ ಬಹುಪಾಲು ಖಾಲಿ ಇತ್ತು. 2007 ಮತ್ತು 2008ರಲ್ಲಿ ಇಡೀ ದೇಶದ ರಸ್ತೆಗಳನ್ನು ಕೌಂಟಿ ಕೌಂಟಿಯಾಗಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ) ಪ್ರೋಗ್ರಾಂ ಮೂಲಕ ಏರಿಸಿದರು. ಏರಿಸಿದವರ ಉದ್ದೇಶ ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಕಡತ ಹುಟ್ಟಿದ್ದು ಬೇರೆ ಕೆಲಸಕ್ಕೆ. ಗಣತಿಯವರಿಗೆ ಮುಖ್ಯವಾದದ್ದು ಯಾವ ಮನೆ ಯಾವ ಬ್ಲಾಕಿಗೆ ಸೇರುತ್ತದೆ, ರಸ್ತೆಯ ಎಡಕ್ಕೋ ಬಲಕ್ಕೋ ಎನ್ನುವುದು. ಗೆರೆಗಳ ನಡುವಿನ ಸಂಬಂಧ ಸರಿಯಿದ್ದರೆ ಅವರ ಕೆಲಸ ನಡೆಯುತ್ತದೆ. ಗೆರೆ ನಿಜವಾದ ರಸ್ತೆಯಿಂದ ಹತ್ತಾರು ಮೀಟರ್ ಆಚೆ ಇದ್ದರೂ ಲೆಕ್ಕ ತಪ್ಪುವುದಿಲ್ಲ. ದಾರಿ ಹುಡುಕುವವರಿಗೆ ತಪ್ಪುತ್ತದೆ.

ವರ್ಗೀಕರಣದಲ್ಲೂ ಇದೇ ಕಥೆ. ಟೈಗರ್‌ನಲ್ಲಿ ಎ41 ಎಂಬ ಒಂದೇ ಸಂಕೇತದ ಕೆಳಗೆ ಊರೊಳಗಿನ ಡಾಂಬರು ಬೀದಿಯೂ ಇತ್ತು, ಗುಡ್ಡದ ಮೇಲಿನ ಮಣ್ಣುದಾರಿಯೂ ಇತ್ತು. ಇಂಪೋರ್ಟ್ ಆದಾಗ ಅವೆಲ್ಲಕ್ಕೂ ‘ರೆಸಿಡೆನ್ಷಿಯಲ್’ (ವಸತಿ ಬೀದಿ) ಎಂಬ ಒಂದೇ ಟ್ಯಾಗ್, ಅಂದರೆ ಗುರುತುಚೀಟಿ, ಬಿತ್ತು. ಮನೆಯೇ ಇಲ್ಲದ ಬಯಲಿನಲ್ಲಿ ವಸತಿ ಬೀದಿಗಳು, ಕಾಡಿನ ನಡುವೆ ವಸತಿ ಬೀದಿಗಳು. ಉಪಗ್ರಹ ಚಿತ್ರದಲ್ಲಿ ಎಷ್ಟು ಹಿಗ್ಗಿಸಿದರೂ ದಾರಿಯ ಗುರುತೇ ಕಾಣದ ಕಡೆಯೂ ಒಂದು ಗೆರೆ, ಅದಕ್ಕೊಂದು ಹೆಸರು.

ಇದನ್ನು ಹತ್ತಿರದಿಂದ ನೋಡಿದರೆ ಹೇಗಿರುತ್ತದೆ ಎಂದು ಹೇಳುತ್ತೇನೆ. ಕೌಂಟಿ ಗಡಿಗೆ ಹೋಗುವ ಒಂದು ಹೆದ್ದಾರಿ. ಪರದೆಯ ಮೇಲೆ ನೇರವಾಗಿ, ಎಲ್ಲೂ ಮುರಿಯದೆ ಗಡಿ ದಾಟುತ್ತದೆ. ಜೋಸ್ಮ್ ಎಂಬ ನಕ್ಷೆ ತಿದ್ದುವ ತಂತ್ರಾಂಶದಲ್ಲಿ ತೆರೆದು ಗಡಿಯ ಮೇಲಿನ ನೋಡ್ (ಗೆರೆಯ ಬಿಂದು) ಒತ್ತಿದರೆ ಒಂದರ ಕೆಳಗೆ ಇನ್ನೊಂದು ನೋಡ್ ಇರುವುದು ಗೊತ್ತಾಗುತ್ತದೆ. ಈ ಕೌಂಟಿಯ ಗೆರೆ ಮೊದಲನೆಯದರಲ್ಲಿ ಮುಗಿಯುತ್ತದೆ, ಪಕ್ಕದ ಕೌಂಟಿಯ ಗೆರೆ ಎರಡನೆಯದರಿಂದ ಶುರುವಾಗುತ್ತದೆ. ಎರಡೂ ಒಂದೇ ಅಕ್ಷಾಂಶ, ಒಂದೇ ರೇಖಾಂಶದಲ್ಲಿವೆ, ಒಂದಕ್ಕೊಂದು ಅಂಟಿಲ್ಲ. ಪ್ರತಿ ಕೌಂಟಿಯನ್ನೂ ಬೇರೆಬೇರೆಯಾಗಿ ಏರಿಸಿದ್ದರ ಫಲ ಇದು. ಕಣ್ಣಿಗೆ ರಸ್ತೆ ಇದೆ, ದಾರಿ ಹುಡುಕುವ ತಂತ್ರಾಂಶಕ್ಕೆ ಅದು ಕುರುಡು ಓಣಿ. ಬಳಸಿಕೊಂಡು ಹೋಗಲು ಬೇರೆ ದಾರಿ ತೋರಿಸುತ್ತದೆ. ಎರಡನ್ನೂ ಆರಿಸಿ ‘ಎಂ’ ಕೀಲಿ ಒತ್ತಿದರೆ ಒಂದಾಗುತ್ತವೆ. ತಿದ್ದುವುದಕ್ಕೆ ಒಂದು ಕ್ಷಣ ಸಾಕು, ತಿದ್ದಬೇಕೆಂದು ಗೊತ್ತಾಗುವುದಕ್ಕೆ ಯಾರಾದರೂ ಅಲ್ಲಿಗೆ ಹೋಗಿ ನೋಡಬೇಕು. ಇಂಥ ಜೋಡಿ ನೋಡ್‌ಗಳನ್ನು ಆಮೇಲೆ ತಾನಾಗಿ ತಿದ್ದುವ ಪ್ರೋಗ್ರಾಂಗಳಾದ ಬಾಟ್‌ಗಳು ದೊಡ್ಡ ಸಂಖ್ಯೆಯಲ್ಲಿ ಒಂದುಮಾಡಿದವು. ಕೂದಲೆಳೆಯಷ್ಟು ಅಂತರದಲ್ಲಿದ್ದವು ಮಾತ್ರ ಬಾಟ್‌ಗೂ ಸಿಗದೆ ಮನುಷ್ಯರ ಪಾಲಿಗೆ ಉಳಿದವು.

ಸೇತುವೆಗಳದ್ದು ಇದರ ತದ್ವಿರುದ್ಧ. ಗಣತಿಯ ಕಡತದಲ್ಲಿ ಗೆರೆಗಳು ಎಲ್ಲಿ ಒಂದನ್ನೊಂದು ಹಾಯುತ್ತವೋ ಅಲ್ಲೆಲ್ಲ ಒಂದು ಸಂಧಿ. ಹಾಗಾಗಿ ಎಕ್ಸ್‌ಪ್ರೆಸ್‌ವೇ ಮೇಲಿಂದ ಸೇತುವೆಯಲ್ಲಿ ದಾಟುವ ಹಳ್ಳಿ ರಸ್ತೆಯೂ ನಕ್ಷೆಯಲ್ಲಿ ಎಕ್ಸ್‌ಪ್ರೆಸ್‌ವೇಗೆ ಅಂಟಿಕೊಂಡಿರುತ್ತದೆ. ತಂತ್ರಾಂಶ ‘ಇಲ್ಲಿ ಬಲಕ್ಕೆ ತಿರುಗಿ’ ಎನ್ನುತ್ತದೆ. ಅಲ್ಲಿರುವುದು ಸೇತುವೆಯ ಕಂಬಿ. ಇದನ್ನು ಬಿಡಿಸಲು ಆ ನೋಡ್ ಆರಿಸಿ ‘ಜಿ’ ಒತ್ತಿ ಅಂಟು ಬಿಡಿಸಬೇಕು, ಮೇಲಿನ ರಸ್ತೆಯನ್ನು ಸೇತುವೆಯ ಎರಡೂ ತುದಿಯಲ್ಲಿ ಕತ್ತರಿಸಬೇಕು, ಆ ತುಂಡಿಗೆ ‘ಬ್ರಿಡ್ಜ್’ ಮತ್ತು ‘ಲೇಯರ್ 1’ ಟ್ಯಾಗ್ ಹಾಕಬೇಕು. ಅದಕ್ಕೂ ಮೊದಲು ಯಾವುದು ಮೇಲೆ, ಯಾವುದು ಕೆಳಗೆ ಎಂದು ನೆರಳು ನೋಡಿ ತೀರ್ಮಾನಿಸಬೇಕು. ಈ ತೀರ್ಮಾನವನ್ನು ಯಾವ ಬಾಟ್ ಕೈಗೂ ಒಪ್ಪಿಸಲಾಗದು.

ಟೈಗರ್ ರಸ್ತೆಗಳಿಗೆಲ್ಲ ಇಂಪೋರ್ಟ್ ಮಾಡಿದವರು ‘ಟೈಗರ್:ರಿವ್ಯೂಡ್=ನೋ’ ಎಂಬ ಟ್ಯಾಗ್ ಹಾಕಿದ್ದರು. ಇನ್ನೂ ಯಾರೂ ಪರಿಶೀಲಿಸಿಲ್ಲ ಎಂಬ ಗುರುತು. ಪರಿಶೀಲಿಸಿದವರು ಅದನ್ನು ತೆಗೆಯುತ್ತಾರೆ, ಹೀಗೆ ನಿಧಾನವಾಗಿ ಇಡೀ ದೇಶ ಚೊಕ್ಕಟವಾಗುತ್ತದೆ ಎಂಬ ಆಸೆ. ಇಷ್ಟು ವರ್ಷಗಳಾದ ಮೇಲೂ ಆ ಟ್ಯಾಗ್ ಹೊತ್ತ ರಸ್ತೆಗಳು ಹೇರಳವಾಗಿ ಸಿಗುತ್ತವೆ. ಎಷ್ಟೋ ಕಡೆ ರಸ್ತೆಯನ್ನು ಯಾರೋ ಸರಿಯಾಗಿ ತಿದ್ದಿದ್ದಾರೆ, ಟ್ಯಾಗ್ ಮಾತ್ರ ಬಿಟ್ಟುಹೋಗಿದೆ. ಹಾಗಾಗಿ ಆ ಗುರುತನ್ನು ನಂಬಿ ಕೆಲಸದ ಪಟ್ಟಿ ಮಾಡಲು ಆಗುವುದಿಲ್ಲ.

ನಾನು ಪಟ್ಟಿ ಮಾಡಿಕೊಳ್ಳುವ ರೀತಿ ಬೇರೆ. ನಕ್ಷೆಯ ಡೇಟಾ ಹುಡುಕಿಕೊಡುವ ಓವರ್‌ಪಾಸ್ ಟರ್ಬೊದಲ್ಲಿ ಒಂದು ಪ್ರದೇಶದ ರಸ್ತೆಗಳನ್ನು ತರಿಸಿ, ಏರಿಸಿದಂದಿನಿಂದ ಜನ ಕೈಯಿಟ್ಟೇ ಇಲ್ಲದವನ್ನು ಹೆಕ್ಕುತ್ತೇನೆ. ಪ್ರತಿ ತಿದ್ದುಪಡಿಗೂ ಗೆರೆಯ ವರ್ಷನ್ ಸಂಖ್ಯೆ ಏರುತ್ತದೆ. ವರ್ಷನ್ 1 ಎಂದಿದ್ದರೆ ಅನುಮಾನವೇ ಬೇಡ. 2 ಅಥವಾ 3 ಎಂದಿದ್ದರೆ ಕಂಟ್ರೋಲ್ ಎಚ್ ಒತ್ತಿ ಇತಿಹಾಸ ನೋಡಬೇಕು. ಬಹಳ ಸಲ ನಡುವಿನ ಬದಲಾವಣೆ ಬಾಟ್ ಒಂದರದ್ದು, ‘ಸ್ಟ್ರೀಟ್’ನ ಸಂಕ್ಷೇಪವನ್ನು ಬಿಡಿಸಿ ಬರೆದದ್ದಷ್ಟೇ. ಆಮೇಲೆ ಉಪಗ್ರಹ ಚಿತ್ರ. ಚಿತ್ರವೂ ಕೆಲವೊಮ್ಮೆ ಸರಿದಿರುತ್ತದೆ, ಗುಡ್ಡಗಾಡಿನಲ್ಲಂತೂ ಬಹಳ. ಆದ್ದರಿಂದ ಒಂದೇ ದಾರಿಯ ಹಲವು ಜಿಪಿಎಸ್ ಜಾಡುಗಳ ನಡುಭಾಗಕ್ಕೆ ಚಿತ್ರವನ್ನು ಮೊದಲು ಹೊಂದಿಸಿಕೊಂಡೇ ಮುಂದಿನ ಕೆಲಸ. ಗೆರೆ ತೀರಾ ಕೆಟ್ಟಿದ್ದರೆ ಅಳಿಸಿ ಹೊಸದು ಎಳೆಯುವುದು ಸುಲಭ ಅನ್ನಿಸುತ್ತದೆ. ನಾನು ಹಾಗೆ ಮಾಡುವುದಿಲ್ಲ. ಹೊಸದನ್ನು ಎಳೆದು, ಎರಡನ್ನೂ ಆರಿಸಿ, ಜೋಸ್ಮ್‌ಗೆ ಸೇರಿಸಿಕೊಳ್ಳಬಹುದಾದ ಯುಟಿಲ್ಸ್‌ಪ್ಲಗಿನ್2ರಲ್ಲಿರುವ ‘ರಿಪ್ಲೇಸ್ ಜಾಮೆಟ್ರಿ’ ಬಳಸುತ್ತೇನೆ. ಆಕಾರ ಹೊಸದಾಗುತ್ತದೆ, ಗುರುತಿನ ಸಂಖ್ಯೆ ಮತ್ತು ಇತಿಹಾಸ ಹಳೆಯದೇ ಉಳಿಯುತ್ತದೆ. ಈ ಗೆರೆ ಎಲ್ಲಿಂದ ಬಂತು, ಯಾರು ಯಾವಾಗ ಏನು ಬದಲಿಸಿದರು ಎಂದು ನಾಳೆ ಬರುವವರಿಗೆ ಗೊತ್ತಾಗಬೇಕು.

ರಸ್ತೆಯ ಹೊರತಾದ ಇಂಪೋರ್ಟ್‌ಗಳಲ್ಲಿ ತೊಂದರೆಯ ಬಗೆ ಬೇರೆ. ಫ್ರಾನ್ಸ್‌ಗೆ ಏರಿಸಿದ ಕೋರಿನ್ ಭೂಬಳಕೆ ನಕ್ಷೆಯನ್ನೇ ನೋಡಿ. ಆ ಕಡತ ತಯಾರಾದದ್ದು 1:1,00,000 ಮಾಪಕದಲ್ಲಿ. 25 ಹೆಕ್ಟೇರ್‌ಗಿಂತ ಚಿಕ್ಕದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಡೀ ಯುರೋಪಿನ ಭೂಬಳಕೆ ಅಳೆಯಲು ಅದು ಸರಿ. ಅದನ್ನೇ ಬೀದಿ ಮಟ್ಟದ ನಕ್ಷೆಗೆ ಹಾಕಿದಾಗ ಕಾಡಿನ ಅಂಚು ಮನೆಗಳ ಮೇಲೆ ಹಾಯುತ್ತದೆ, ತೋಟಗಳು ಹೊಲದಲ್ಲಿ ಕರಗಿಹೋಗುತ್ತವೆ. ಕೆನಡಾ ಸರ್ಕಾರದ ನಕ್ಷೆ ಕಡತವಾದ ಕ್ಯಾನ್‌ವೆಕ್ ಡೇಟಾದಲ್ಲಿ ಕಾಡು ಮತ್ತು ಕೆರೆಗಳು ಮೂಲ ನಕ್ಷೆಯ ಹಾಳೆಗಳ ಅಂಚಿನಲ್ಲಿ ಚೂರಿಯಿಂದ ಕೊಯ್ದಂತೆ ತುಂಡಾಗಿದ್ದವು. ಕೆರೆಯ ನಡುವೆ ನೆಟ್ಟಗಿನ ಗೆರೆ ಪ್ರಕೃತಿಯಲ್ಲಿ ಎಲ್ಲಿಯೂ ಇರುವುದಿಲ್ಲ, ನಕ್ಷೆಯಲ್ಲಿತ್ತು. ಇಂಥ ಬಹುಭುಜಗಳನ್ನು ಮುಟ್ಟಲು ಅನುಭವಿಗಳೂ ಹಿಂಜರಿಯುತ್ತಾರೆ. ನೂರಾರು ತುಂಡುಗಳು ಅವನ್ನು ಒಂದಾಗಿ ಕಟ್ಟುವ ಒಂದೇ ರಿಲೇಶನ್‌ನಲ್ಲಿ ಹೆಣೆದುಕೊಂಡಿರುತ್ತವೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಕಾಡು ಒಡೆಯುತ್ತದೆ. ಹೊಸಬರಂತೂ ಒಮ್ಮೆ ತೆರೆದು ನೋಡಿ ಮುಚ್ಚಿಬಿಡುತ್ತಾರೆ.

ಅಮೆರಿಕದ ಸ್ಥಳನಾಮಗಳ ಕಡತವಾದ ಜಿಎನ್‌ಐಎಸ್‌ನಿಂದ ಬಂದ ಚುಕ್ಕೆಗಳದ್ದು ಮತ್ತೊಂದು ಗೋಳು. ಮುಚ್ಚಿದ ಶಾಲೆ, ಕೆಡವಿದ ಚರ್ಚು, ಎಂದೋ ಖಾಲಿಯಾದ ಅಂಚೆ ಕಚೇರಿ. ಕೆಲವದರ ಹೆಸರಿನ ಜೊತೆಗೇ ‘ಹಿಸ್ಟಾರಿಕಲ್’ ಎಂದಿತ್ತು, ಅಂದರೆ ಈಗ ಅಲ್ಲಿ ಇಲ್ಲ ಎಂದು ಮೂಲ ಕಡತವೇ ಹೇಳುತ್ತಿತ್ತು. ಆದರೂ ಅವು ನಕ್ಷೆಗೆ ಬಂದವು. ಇಂಥ ಚುಕ್ಕೆ ಅಳಿಸಲು ನಾನು ಬಹಳ ಯೋಚಿಸುತ್ತೇನೆ, ಯಾಕೆಂದರೆ ಚಿತ್ರದಲ್ಲಿ ಕಾಣುವ ಕಟ್ಟಡ ಈಗಲೂ ಶಾಲೆಯೇ ಎಂದು ದೂರದಿಂದ ಹೇಳಲು ಬರುವುದಿಲ್ಲ. ಖಾತ್ರಿಯಾಗದಿದ್ದರೆ ಅಲ್ಲೊಂದು ಟಿಪ್ಪಣಿ ಬಿಟ್ಟು ಮುಂದೆ ಹೋಗುತ್ತೇನೆ, ಆ ಕಡೆಯವರು ಯಾರಾದರೂ ನೋಡಲಿ ಎಂದು.

ಆ ಕಡೆಯವರು ಇರುತ್ತಾರೆಯೇ ಎಂಬುದೇ ಪ್ರಶ್ನೆ. ಖಾಲಿ ನಕ್ಷೆ ಜನರನ್ನು ಕರೆಯುತ್ತದೆ. ತಮ್ಮ ಬೀದಿ ಇಲ್ಲ ಎಂದು ಕಂಡವರು ಸೇರಿಸಲು ಬರುತ್ತಾರೆ. ಬೀದಿ ಸೇರಿಸಿದವರು ಬಸ್ ನಿಲ್ದಾಣ ಸೇರಿಸುತ್ತಾರೆ. ಆಮೇಲೆ ಅಂಗಡಿ, ಕುಡಿಯುವ ನೀರಿನ ನಲ್ಲಿ, ಕಾಲುದಾರಿ. ಬೀದಿಗಳೆಲ್ಲ ಮೊದಲೇ ಇದ್ದುಬಿಟ್ಟರೆ ಮೊದಲ ಮೆಟ್ಟಿಲೇ ಇಲ್ಲದಂತೆ. ಕೆಲಸ ಮುಗಿದಿದೆ ಎಂದುಕೊಂಡು ಹೊರಟುಹೋಗುತ್ತಾರೆ. ಇದು ನನ್ನೊಬ್ಬನ ಅನಿಸಿಕೆಯಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಸಂಶೋಧಕ ಅಭಿಷೇಕ್ ನಾಗರಾಜ್ ಟೈಗರ್ ಇಂಪೋರ್ಟ್ ಅನ್ನೇ ಅಧ್ಯಯನಕ್ಕೆ ತೆಗೆದುಕೊಂಡರು. ಮೂಲ ಡೇಟಾದಲ್ಲಿದ್ದ ಒಂದು ಲೋಪದಿಂದ ಕೆಲವು ಕೌಂಟಿಗಳಿಗೆ ಹೆಚ್ಚು ಪೂರ್ಣವಾದ ನಕ್ಷೆ ಸಿಕ್ಕಿತ್ತು, ಉಳಿದವಕ್ಕೆ ಅರೆಬರೆ ನಕ್ಷೆ. ಯಾರೂ ಬೇಕೆಂದು ಮಾಡಿದ್ದಲ್ಲವಾದ್ದರಿಂದ ಎರಡನ್ನೂ ಹೋಲಿಸಲು ಅದು ಒಳ್ಳೆಯ ಅವಕಾಶ. ಹೆಚ್ಚು ಪೂರ್ಣವಾದ ಆರಂಭ ಸಿಕ್ಕ ಕಡೆ ಮುಂದೆ ಜನರ ಕೊಡುಗೆ ಕಡಿಮೆಯಾಯಿತು, ದೀರ್ಘಾವಧಿಯಲ್ಲಿ ಗುಣಮಟ್ಟವೂ ಹಿಂದೆ ಬಿತ್ತು ಎಂದು ಅವರು ಕಂಡುಕೊಂಡರು. ಆ ಫಲಿತಾಂಶ ಓದಿದಾಗ, ಯಾರೂ ಮುಟ್ಟದೆ ಬಿಟ್ಟ ಆ ಬಯಲು ಕೌಂಟಿಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

ಇಂಪೋರ್ಟ್ ಎಂದರೆ ಸಾರಾಸಗಟಾಗಿ ಬೇಡ ಎನ್ನುವವನಲ್ಲ ನಾನು. ನೆದರ್ಲೆಂಡ್ಸ್‌ನಲ್ಲಿ 2007ರಲ್ಲಿ ಎಎನ್‌ಡಿ ಎಂಬ ಕಂಪನಿ ಇಡೀ ದೇಶದ ರಸ್ತೆಜಾಲವನ್ನು ಕೊಟ್ಟಿತು. ಕೆಲವು ವರ್ಷಗಳ ನಂತರ ಅಲ್ಲಿನ ಸರ್ಕಾರದ ಕಟ್ಟಡ ಮತ್ತು ವಿಳಾಸಗಳ ನೋಂದಣಿಯಿಂದಲೂ ಡೇಟಾ ಬಂತು. ಅಲ್ಲಿ ಮ್ಯಾಪರ್‌ಗಳ ಗಟ್ಟಿ ಗುಂಪಿತ್ತು, ಕಟ್ಟಡಗಳನ್ನು ಅವರೇ ಪ್ರದೇಶ ಹಂಚಿಕೊಂಡು ಏರಿಸಿದರು, ಈಗಲೂ ನೋಡಿಕೊಳ್ಳುತ್ತಿದ್ದಾರೆ.

ನಮ್ಮ ಗುಂಪಿನ ಮುಂದೆಯೂ ಇಂಥದ್ದೊಂದು ಬಂತು. ಸ್ಥಳೀಯ ಆಡಳಿತದ ಕಚೇರಿಯೊಂದು ತನ್ನ ವ್ಯಾಪ್ತಿಯ ಕಟ್ಟಡಗಳ ಶೇಪ್‌ಫೈಲ್ (ನಕ್ಷೆಯ ಆಕಾರಗಳ ಕಡತ) ಬಿಡುಗಡೆ ಮಾಡಿತು. ಜೊತೆಗೆ ಶಾಲೆ, ಆಸ್ಪತ್ರೆ, ಅಂಗಡಿಗಳ ಚುಕ್ಕೆಗಳ ಇನ್ನೊಂದು ಪದರ. ಗುಂಪಿನಲ್ಲಿ ಹುಮ್ಮಸ್ಸಿನವರಿದ್ದರು, ಒಂದು ವಾರಾಂತ್ಯದಲ್ಲಿ ಏರಿಸಿಬಿಡೋಣ ಎಂದರು. ಮೊದಲು ಲೈಸೆನ್ಸ್ ನೋಡೋಣ ಎಂದೆ. ಮೂಲದವರ ಹೆಸರು ಹೇಳಿ ಬಳಸಬಹುದೆನ್ನುವ ಸಿಸಿ ಬೈ 4.0 ಇತ್ತು. ಮುಕ್ತ ಡೇಟಾ ತಾನೇ ಎಂದು ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್ 2012ರಿಂದ ಡೇಟಾಬೇಸ್‌ಗಳಿಗೆಂದೇ ಇರುವ ಓಡಿಬಿಎಲ್ ಲೈಸೆನ್ಸ್‌ನ ಅಡಿಯಲ್ಲಿದೆ. ಸಿಸಿ ಬೈ ಡೇಟಾ ಸೇರಿಸಬೇಕಾದರೆ ಮೂಲದವರಿಂದ ಲಿಖಿತ ಒಪ್ಪಿಗೆ ಬೇಕೆಂಬುದು ಓಪನ್‌ಸ್ಟ್ರೀಟ್‌ಮ್ಯಾಪ್ ಪ್ರತಿಷ್ಠಾನದ ನಿಲುವು. 2012ರಲ್ಲಿ ಲೈಸೆನ್ಸ್ ಬದಲಾದಾಗ ಒಪ್ಪಿಗೆ ಸಿಗದ ಡೇಟಾವನ್ನು ಬಾಟ್ ಮೂಲಕ ತೆಗೆದುಹಾಕಿದರು, ಅದರ ಮೇಲೆ ಬೇರೆಯವರು ಮಾಡಿದ ಕೆಲಸಕ್ಕೂ ಪೆಟ್ಟು ಬಿತ್ತು. ಮತ್ತೆ ಹಾಗಾಗುವುದು ಯಾರಿಗೂ ಬೇಡ. ಕಚೇರಿಗೆ ಪತ್ರ ಬರೆದೆವು, ಉತ್ತರಕ್ಕೆ ಕಾದೆವು, ಮತ್ತೆ ಬರೆದೆವು. ಒಪ್ಪಿಗೆ ಬಂತು.

ಕಾಯುತ್ತಿದ್ದ ಸಮಯ ವ್ಯರ್ಥವಾಗಲಿಲ್ಲ. ಕಡತದ ಬೇರೆಬೇರೆ ಮೂಲೆಗಳಿಂದ ಒಂದಷ್ಟು ಬ್ಲಾಕ್ ಆರಿಸಿ, ಮುದ್ರಿಸಿಕೊಂಡು, ನಡೆದು ನೋಡಿದೆವು. ಆಕಾರಗಳು ಒಟ್ಟಾರೆ ಚೆನ್ನಾಗಿದ್ದವು. ಆದರೆ ಎತ್ತರದ ಕಟ್ಟಡಗಳ ಗೆರೆ ಎಲ್ಲ ಒಂದೇ ದಿಕ್ಕಿಗೆ ವಾಲಿತ್ತು. ವಿಮಾನದಿಂದ ಓರೆಯಾಗಿ ತೆಗೆದ ಚಿತ್ರದಲ್ಲಿ ಚಾವಣಿಯ ಅಂಚನ್ನು ಎಳೆದಿದ್ದರು, ಬುಡವನ್ನಲ್ಲ. ಗಿಡ್ಡ ಕಟ್ಟಡದಲ್ಲಿ ವ್ಯತ್ಯಾಸ ಕಾಣದು; ಎತ್ತರ ಹೆಚ್ಚಿದಷ್ಟೂ ಕಟ್ಟಡ ಬೀದಿಯ ಮೇಲೆ ಬಂದು ಕೂರುತ್ತಿತ್ತು. ಇಡೀ ಪದರವನ್ನು ಒಂದೇ ಅಳತೆಗೆ ಸರಿಸಿದರೆ ಗಿಡ್ಡವು ಕೆಡುತ್ತವೆ. ಹಾಗಾಗಿ ಎತ್ತರದವನ್ನು ಒಂದೊಂದಾಗಿಯೇ ಸರಿಸಬೇಕೆಂದು ತೀರ್ಮಾನವಾಯಿತು. ಶಾಲೆ, ಅಂಗಡಿಗಳ ಪದರ ಇನ್ನೂ ಹಳೆಯದು. ನಡೆದು ನೋಡಿದ ಕಡೆಯೆಲ್ಲ ಮುಚ್ಚಿದ್ದೋ ಹೆಸರು ಬದಲಾದದ್ದೋ ಎದುರಾದವು. ಅದನ್ನು ಏರಿಸುವುದೇ ಬೇಡ ಎಂದು ನಾನು ಹಟ ಹಿಡಿದೆ, ಆಮೇಲೆ ಎಲ್ಲರೂ ಒಪ್ಪಿದರು. ಬದಲಿಗೆ ಅದನ್ನು ಎಡಿಟರ್‌ನ ಹಿನ್ನೆಲೆಯಲ್ಲಿ ಸುಳಿವಾಗಿ ಇಟ್ಟುಕೊಂಡೆವು: ಇಲ್ಲೊಂದು ಅಂಗಡಿ ಇದ್ದಿರಬಹುದು, ಹೋದಾಗ ನೋಡಿ ಬರೆಯಿರಿ ಎಂದು.

ಅತಿ ಹೆಚ್ಚು ಜಗ್ಗಾಟ ನಡೆದದ್ದು ಮೊದಲೇ ನಕ್ಷೆಯಲ್ಲಿದ್ದ ಕಟ್ಟಡಗಳ ಬಗ್ಗೆ. ಹಲವರು ಕೈಯಾರೆ ಬರೆದಿದ್ದ ಕಟ್ಟಡಗಳಿದ್ದವು. ಆಕಾರ ಸ್ವಲ್ಪ ಒರಟು, ಆದರೆ ಜೊತೆಗೆ ಹೆಸರು, ಮಹಡಿಗಳ ಸಂಖ್ಯೆ, ಗಾಲಿಕುರ್ಚಿ ಹೋಗುತ್ತದೆಯೇ ಎಂಬ ಮಾಹಿತಿ, ಬಾಗಿಲ ಜಾಗ. ಕಚೇರಿಯ ಆಕಾರ ಹೆಚ್ಚು ನಿಖರ, ಹಳೆಯದನ್ನು ಅಳಿಸಿ ಇದನ್ನೇ ಹಾಕೋಣ ಎಂದು ಒಬ್ಬರ ವಾದ. ಅಕ್ಷಾಂಶ ರೇಖಾಂಶದ ನಿಖರತೆಯೊಂದೇ ನಿಖರತೆಯಲ್ಲ ಎಂದು ನಾನು ಉತ್ತರಿಸಿದೆ. ಬಾಗಿಲು ಯಾವ ಬದಿಗಿದೆ ಎಂದು ಅಲ್ಲಿ ನಿಂತು ನೋಡಿ ಬರೆದವರ ಮಾಹಿತಿ ಕಚೇರಿಯ ಕಡತದಲ್ಲಿ ಇಲ್ಲವೇ ಇಲ್ಲ. ತಾನು ಬರೆದದ್ದನ್ನು ಒಂದು ಪ್ರೋಗ್ರಾಂ ಒರೆಸಿಹಾಕಿದೆ ಎಂದು ಗೊತ್ತಾದ ಮ್ಯಾಪರ್ ಮರಳಿ ಬರುವುದು ಅಪರೂಪ. ಕೊನೆಗೆ ಹಳೆಯ ಕಟ್ಟಡ ಇದ್ದ ಕಡೆಯೆಲ್ಲ ಕೈಯಿಂದಲೇ ಆಕಾರ ಬದಲಿಸುವುದು, ಟ್ಯಾಗ್ ಮತ್ತು ಇತಿಹಾಸ ಹಾಗೇ ಉಳಿಸುವುದು ಎಂದಾಯಿತು.

ಏರಿಸುವ ಕ್ರಮ ಸರಳ. ಇಂಪೋರ್ಟ್‌ಗೆಂದೇ ಬೇರೆ ಖಾತೆ, ಯೋಜನೆಯ ವಿವರ ಎಲ್ಲರಿಗೂ ಕಾಣುವಂತೆ ವಿಕಿಯಲ್ಲಿ, ಆಕ್ಷೇಪಕ್ಕೆ ಸಾಕಷ್ಟು ಸಮಯ. ಇವೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಇಂಪೋರ್ಟ್ ಮಾರ್ಗಸೂಚಿಯಲ್ಲೇ ಇವೆ. ಒಟ್ಟಿಗೆ ಉಳಿಸುವ ಬದಲಾವಣೆಗಳ ಕಟ್ಟಾದ ಒಂದು ಚೇಂಜ್‌ಸೆಟ್‌ನಲ್ಲಿ 10,000 ಬದಲಾವಣೆಗಳವರೆಗೆ ಹಿಡಿಸುತ್ತವೆ. ನಾವು ಒಂದು ಬ್ಲಾಕಿಗೆ ಒಂದು ಚೇಂಜ್‌ಸೆಟ್ ಎಂದು ಇಟ್ಟುಕೊಂಡೆವು, ಏನಾದರೂ ತಪ್ಪಿದರೆ ಅಷ್ಟನ್ನೇ ಹಿಂತೆಗೆಯಲು ಬರಲಿ ಎಂದು. ನಮ್ಮದೇ ಆದ ನಿಯಮ ಒಂದಿತ್ತು: ಒಂದು ಬ್ಲಾಕನ್ನು ಮುಂದೆಯೂ ನೋಡಿಕೊಳ್ಳುತ್ತೇನೆ ಎಂದು ಒಬ್ಬರಾದರೂ ಹೆಸರು ಕೊಡದೆ ಆ ಬ್ಲಾಕ್ ಏರಿಸುವಂತಿಲ್ಲ. ಹೆಸರು ಕೊಟ್ಟವರು ಏರಿಸುವ ಮೊದಲು ಒಮ್ಮೆ ಅಲ್ಲಿ ಓಡಾಡಿ ಬರಬೇಕು. ಇದರಿಂದ ಕೆಲಸ ನಿಧಾನವಾಯಿತು. ವಾರಾಂತ್ಯದಲ್ಲಿ ಮುಗಿಸೋಣ ಎಂದವರಲ್ಲಿ ಕೆಲವರಿಗೆ ಬೇಸರವೂ ಆಯಿತು. ಆದರೆ ಓಡಾಡಿ ಬಂದವರು ಕಟ್ಟಡದ ಜೊತೆ ದಾರಿದೀಪ, ಮೆಟ್ಟಿಲು, ಅಡ್ಡದಾರಿಗಳನ್ನೂ ಸೇರಿಸತೊಡಗಿದರು. ಹೊಸಬರು ಕೆಲವರು ತಮ್ಮ ಬ್ಲಾಕ್ ಇನ್ನೂ ಖಾಲಿ ಇರುವುದನ್ನು ಕಂಡೇ ನಮ್ಮ ಬಳಿ ಬಂದರು.

ಈಗ ಕಚೇರಿ ಕಡತದ ಹೊಸ ಆವೃತ್ತಿ ಬಿಟ್ಟಿದೆ. ಸಗಟು ಇಂಪೋರ್ಟ್‌ನ ನಿಜವಾದ ಪರೀಕ್ಷೆ ಇಲ್ಲಿ. ಹಳೆಯ ಕಡತದಲ್ಲಿದ್ದ ಕಟ್ಟಡ ಹೊಸದರಲ್ಲಿಲ್ಲ ಎಂದರೆ ಕೆಡವಿದ್ದಾರೆಯೇ, ಪಕ್ಕದ್ದಕ್ಕೆ ಸೇರಿಸಿದ್ದಾರೆಯೇ, ಕಚೇರಿಯಲ್ಲೇ ಬಿಟ್ಟುಹೋಯಿತೇ? ನಡುವೆ ನಮ್ಮವರು ಅದೇ ಕಟ್ಟಡವನ್ನು ಎರಡಾಗಿ ಸೀಳಿ ಬೇರೆಬೇರೆ ವಿಳಾಸ ಕೊಟ್ಟಿದ್ದರೆ ಕಚೇರಿಯ ಒಂದೇ ಗುರುತಿನ ಸಂಖ್ಯೆ ಯಾವ ಅರ್ಧಕ್ಕೆ ಸೇರಬೇಕು? ಮೂಲ ಗುರುತಿನ ಸಂಖ್ಯೆಯನ್ನು ಟ್ಯಾಗ್‌ನಲ್ಲಿ ಇಟ್ಟುಕೊಂಡರೆ ಮುಂದೆ ತಾನಾಗಿಯೇ ಹೊಂದಿಸಬಹುದು ಎಂದು ಇಂಪೋರ್ಟ್ ಮಾಡುವವರು ಸಾಮಾನ್ಯವಾಗಿ ಹೇಳುತ್ತಾರೆ. ಜನ ತಿದ್ದಲು ಶುರುಮಾಡಿದ ಮೇಲೆ ಅದು ಹೊಂದುವುದಿಲ್ಲ. ಕಟ್ಟಡ ಸೀಳಿದಾಗ ಸಂಖ್ಯೆ ಎರಡೂ ಕಡೆ ನಕಲಾಗುತ್ತದೆ, ಎರಡನ್ನು ಕೂಡಿಸಿದಾಗ ನಡುವೆ ಅರೆವಿರಾಮ ಬಂದು ಎರಡು ಸಂಖ್ಯೆ ಒಟ್ಟಿಗೆ ಕೂರುತ್ತವೆ.

ಹೊಸ ಕಡತವನ್ನು ನಾವು ಏರಿಸುತ್ತಿಲ್ಲ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ತೆಗೆದು, ಬ್ಲಾಕ್ ಪ್ರಕಾರ ವಿಂಗಡಿಸಿ, ಆಯಾ ಬ್ಲಾಕ್ ನೋಡಿಕೊಳ್ಳುವವರಿಗೆ ಪಟ್ಟಿಯಾಗಿ ಕಳಿಸಿದ್ದೇನೆ: ಈ ಕಟ್ಟಡ ಹೊಸದಾಗಿ ಕಾಣಿಸಿದೆ, ಇದು ಮಾಯವಾಗಿದೆ, ಇದರ ಆಕಾರ ಬದಲಾಗಿದೆ, ಹೋಗಿ ನೋಡಿ. ಕೆಲವರು ಪಟ್ಟಿ ಮುಗಿಸಿ ಕಳಿಸಿದ್ದಾರೆ, ಕಚೇರಿಯ ಹೊಸ ಕಡತದಲ್ಲೇ ಇರುವ ತಪ್ಪುಗಳನ್ನೂ ಗುರುತಿಸಿದ್ದಾರೆ. ಅವನ್ನು ಒಟ್ಟುಮಾಡಿ ಕಚೇರಿಗೆ ಕಳಿಸುವ ಕೆಲಸ ಈಗ ನಡೆಯುತ್ತಿದೆ. ಯಾರೂ ಹೆಸರು ಕೊಡದ ಬ್ಲಾಕ್‌ಗಳು ಮಾತ್ರ ಇನ್ನೂ ಖಾಲಿಯೇ ಇವೆ. ಅವನ್ನು ಯಾವಾಗ ತುಂಬಿಸುತ್ತೀರಿ ಎಂದು ಕಚೇರಿಯವರು ಕೇಳಿದ್ದಾರೆ. ಅಲ್ಲಿ ಓಡಾಡುವವರು ನಿಮಗೆ ಗೊತ್ತಿದ್ದರೆ ನಮಗೆ ಪರಿಚಯಿಸಿ ಎಂದು ಬರೆದಿದ್ದೇನೆ.